ದನದ ಶಜರಾ

ನಮ್ಮ ಅಜ್ಜನ ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ಸುರುಳಿ ಸುತ್ತಿದ ಒಂದು ಶಜರಾ ಇತ್ತು. ಶಜರಾ ಎಂದರೆ ಮರ. ಉರ್ದುವಿನಲ್ಲಿ ವಂಶವೃಕ್ಷಕ್ಕೂ ಅದೇ ಮಾತು. ಮದುವೆಯ ಮಾತುಕತೆ ಬಂದಾಗ ಮಾತ್ರ ಅದು ಹೊರಬರುತ್ತಿತ್ತು. ಯಾರ ಮಗ ಯಾರು, ಅವನ ಅಪ್ಪ ಯಾರು ಎಂಬುದೆಲ್ಲ ಅದರಲ್ಲಿತ್ತು. ಹೆಂಗಸರ ಹೆಸರು ಮಾತ್ರ ಒಂದೂ ಇರಲಿಲ್ಲ. ಇದೇ ಅಜ್ಜ ದನದ ಸಂತೆಗೆ ಹೋದರೆ ಯಾವ ಶಜರಾವನ್ನೂ ಕೇಳುತ್ತಿರಲಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಿದ್ದರು. ಆಮೇಲೆ ದಲಾಲಿಯ ಜೊತೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಿದ್ದರು. ಮನುಷ್ಯನನ್ನು ಕಾಗದದ ಮೇಲೆ, ದನವನ್ನು ಕಣ್ಣೆದುರು ಪರೀಕ್ಷಿಸುವುದು ಅವರ ಪದ್ಧತಿಯಾಗಿತ್ತು.

ದನಗಳಿಗೂ ಶಜರಾ ಬರೆದ ದೇಶ ಇಂಗ್ಲೆಂಡ್. 1822ರಲ್ಲಿ ಜಾರ್ಜ್ ಕೋಟ್ಸ್ ಎಂಬವನು ಶಾರ್ಟ್‌ಹಾರ್ನ್ ಎಂಬ ತಳಿಯ ವಂಶಾವಳಿಯನ್ನು ಪುಸ್ತಕವಾಗಿ ಪ್ರಕಟಿಸಿದ. ಜಗತ್ತಿನಲ್ಲಿ ದನದ ತಳಿಯೊಂದಕ್ಕೆ ಬಂದ ಮೊದಲ ವಂಶಾವಳಿ ಪುಸ್ತಕ ಅದು. ಕುದುರೆಗಳಿಗೆ ಅದಕ್ಕಿಂತ ಮೊದಲೇ, 1791ರಲ್ಲಿ, ಇಂಥ ಪುಸ್ತಕ ಬಂದಿತ್ತು. ಇಂಗ್ಲಿಷರ ಆ ರೇಸಿನ ಕುದುರೆಗಳ ಮೂಲಪುರುಷರಾದರೋ ಪೂರ್ವದಿಂದ ಹೋದ ಅರಬ್ಬೀ, ತುರ್ಕಿ ಗಂಡುಕುದುರೆಗಳು. ಕೋಟ್ಸನ ಪುಸ್ತಕದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಸಂಗತಿ. ಅಲ್ಲಿ ತಾಯಂದಿರ ಹೆಸರುಗಳೂ ಇವೆ. ಶಾರ್ಟ್‌ಹಾರ್ನ್ ಮನೆತನಗಳೆಲ್ಲ ಆಕಳುಗಳ ಹೆಸರಿನಲ್ಲೇ ನಡೆದು ಬಂದಿವೆ.

ನಮ್ಮ ದೇಶದಲ್ಲಿ ದನದ ಮಾಂಸದ ಮಾತೆತ್ತಿದರೆ ಕೇಳುವವರು ಒಮ್ಮೆ ಸುತ್ತಮುತ್ತ ನೋಡುತ್ತಾರೆ. ಈ ಕತೆ ನಡೆದದ್ದು ಅದು ದಿನನಿತ್ಯದ ವ್ಯಾಪಾರವಾಗಿದ್ದ ದೇಶಗಳಲ್ಲಿ. ಹಾಗಾಗಿ ಅಲ್ಲಿಯ ಮಾತನ್ನು ಅಲ್ಲಿಯವರ ಲೆಕ್ಕದಲ್ಲೇ ಹೇಳುತ್ತೇನೆ.

ಇಂಗ್ಲೆಂಡಿನ ಈಶಾನ್ಯದಲ್ಲಿ, ಡರ್ಹಾಮ್ ಮತ್ತು ಯಾರ್ಕ್‌ಶೈರ್ ಸೀಮೆಗಳ ನಡುವೆ ಟೀಸ್ ಎಂಬ ನದಿ ಹರಿಯುತ್ತದೆ. ಅದರ ದಂಡೆಯಲ್ಲಿ ಹುಲ್ಲು ಸಮೃದ್ಧ. ಅಲ್ಲಿ ಮೊದಲಿನಿಂದಲೂ ಗಿಡ್ಡ ಕೊಂಬಿನ, ದೊಡ್ಡ ಮೈಯ ದನಗಳಿದ್ದವು. ಆ ಸೀಮೆಯ ಹರ್ವರ್ತ್ ಎಂಬ ಊರಿನಲ್ಲಿ ಇಟ್ಟಿಗೆ ಕಟ್ಟುವ ಗಾರೆಯವನೊಬ್ಬನಿದ್ದ, ಹೆಸರು ಜಾನ್ ಹಂಟರ್. ಅವನಿಗೆ ಹೊಲವಿರಲಿಲ್ಲ. ಅವನ ಆಕಳು ರಸ್ತೆ ಬದಿಯ, ಓಣಿಗಳ ಹುಲ್ಲು ಮೇಯುತ್ತಿತ್ತು. ಅದಕ್ಕೆ 1777ರಲ್ಲಿ ಹುಟ್ಟಿದ ಕರುವೇ ಮುಂದೆ ಹಬ್ಯಾಕ್ ಎಂದು ಹೆಸರಾದ ಹೋರಿ. ಕೈಯಿಂದ ಕೈಗೆ ದಾಟಿ ಕೊನೆಗೆ ಎಂಟು ಗಿನಿಗೆ ಕೆಟನ್ ಊರಿನ ಚಾರ್ಲ್ಸ್ ಕಾಲಿಂಗ್ ಎಂಬ ರೈತನ ಕೊಟ್ಟಿಗೆ ಸೇರಿತು. ಗಿನಿ ಎಂದರೆ ಇಪ್ಪತ್ತೊಂದು ಶಿಲ್ಲಿಂಗು.

ಆ ತಾಯಿ ಆಕಳನ್ನು ಮುಂದೆ ಒಳ್ಳೆಯ ಹುಲ್ಲುಗಾವಲಿಗೆ ಬಿಟ್ಟಾಗ ಅದು ಎಷ್ಟು ಕೊಬ್ಬಿತೆಂದರೆ ಮತ್ತೆ ಗಬ್ಬ ಕಟ್ಟಲೇ ಇಲ್ಲವಂತೆ. ಬಡವನ ಓಣಿಯಲ್ಲಿ ಕರು ಹಾಕಿದ್ದು ಸಿರಿವಂತನ ಗಾವಲಿನಲ್ಲಿ ಬಂಜೆಯಾಯಿತು. ಕೊರತೆಯ ಹುಲ್ಲಿನಲ್ಲೂ ಮೈ ತುಂಬಿಕೊಳ್ಳುವ ಗುಣ ಆ ರಕ್ತದಲ್ಲಿತ್ತು. ಅದನ್ನು ಗುರುತಿಸಿದ್ದೇ ಕಾಲಿಂಗನ ಜಾಣತನ. ಅದೇ ಕಾಲದಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದರ ಹಿಂದೆ ಒಂದು ಕಾನೂನು ಮಾಡಿ ಊರೊಟ್ಟಿನ ಗೋಮಾಳಗಳಿಗೆ ಬೇಲಿ ಹಾಕಿಸುತ್ತಿತ್ತು. ಭೂಮಿಯಿಲ್ಲದವನು ಒಂದು ಆಕಳು ಸಾಕುವುದು ಕಷ್ಟವಾಗುತ್ತ ಬಂದ ದಿನಗಳವು. ಮುಂದೆ ಶ್ರೀಮಂತರು ಸಾವಿರಾರು ಗಿನಿ ಸುರಿದು ಕೊಂಡ ವಂಶದ ಬೇರು ಹೀಗೆ ಹೊಲವಿಲ್ಲದವನೊಬ್ಬನ ಹಿತ್ತಲಿನಲ್ಲಿದೆ.

ಕಾಲಿಂಗನಿಗೆ ಮೊದಲು ಲೆಸ್ಟರ್‌ಶೈರಿನ ಡಿಶ್ಲಿಯಲ್ಲಿ ರಾಬರ್ಟ್ ಬೇಕ್‌ವೆಲ್ ಎಂಬವನಿದ್ದ. ಬೇಕಾದ ಗುಣವನ್ನು ನಿಲ್ಲಿಸಬೇಕಾದರೆ ಒಂದೇ ಮನೆತನದ ಒಳಗೊಳಗೇ ಕೂಡಿಸಬೇಕು ಎಂದು ಅವನು ಕುರಿಗಳಲ್ಲೂ ದನಗಳಲ್ಲೂ ತೋರಿಸಿದ್ದ. ಚಾರ್ಲ್ಸ್ ಕಾಲಿಂಗ್ ಅಲ್ಲಿಗೆ ಹೋಗಿ ಕಲಿತು ಬಂದ. ಅವನೂ, ಬಾರ್ಮ್‌ಟನ್‌ನಲ್ಲಿದ್ದ ಅಣ್ಣ ರಾಬರ್ಟನೂ ಈ ಪಾಠವನ್ನು ಕೊನೆಯ ತುದಿಯವರೆಗೆ ಒಯ್ದರು. ಫೇವರಿಟ್ ಎಂಬ ಹೋರಿಯನ್ನು ಅದರ ತಾಯಿ ಫೀನಿಕ್ಸ್‌ಗೇ ಕೂಡಿಸಿದರು. ಹುಟ್ಟಿದ ಕಡಸು ಬೆಳೆದ ಮೇಲೆ ಅದೇ ಫೇವರಿಟ್‌ಗೆ ಮತ್ತೆ ಕೂಡಿಸಿದರು. ಹೀಗೆ 1804ರಲ್ಲಿ ಹುಟ್ಟಿದ್ದು ಕಾಮೆಟ್. ಕೇಳಿದರೆ ನಮಗೆ ಮೈ ಜುಮ್ಮೆನ್ನುತ್ತದೆ. ಆದರೆ 1810ರ ಅಕ್ಟೋಬರ್‌ನಲ್ಲಿ ಕೆಟನ್‌ನ ಹರಾಜಿನಲ್ಲಿ ನಾಲ್ವರು ರೈತರು ಸೇರಿ ಕಾಮೆಟ್‌ಗೆ 1000 ಗಿನಿ ಕೊಟ್ಟರು. ಒಂದು ಹೋರಿಗೆ ಅಷ್ಟು ಬೆಲೆ ಬಂದದ್ದು ಅದೇ ಮೊದಲು. ಅಂದು 47 ದನಗಳು ಏಳು ಸಾವಿರ ಪೌಂಡಿಗೂ ಹೆಚ್ಚು ಹಣಕ್ಕೆ ಹೋದವು.

ಅದೇ ಹರಾಜಿನಲ್ಲಿ ಲೇಡಿ ಎಂಬ ಹದಿನಾಲ್ಕು ವರ್ಷದ ಮುದಿ ಆಕಳೂ ಇತ್ತು. ಇದರ ರಕ್ತದಲ್ಲಿ ಒಂದು 'ಕಳಂಕ'ವಿತ್ತು. ನೆರೆಯವನೊಬ್ಬನ ಹತ್ತಿರವಿದ್ದ ಸ್ಕಾಟ್ಲೆಂಡಿನ ಕೊಂಬಿಲ್ಲದ ಗ್ಯಾಲೊವೇ ಆಕಳಿಗೆ ಕಾಲಿಂಗ್ ತನ್ನ ಹೋರಿ ಕೊಡಿಸಿ, ಹುಟ್ಟಿದ ಗಂಡುಕರುವನ್ನು ತಾನು ತಂದಿದ್ದ. ಆ ಕರುವಿನ ಸಂತಾನದಲ್ಲಿ ಬಂದವಳು ಲೇಡಿ. ವಿರೋಧಿಗಳು ಈ ಶಾಖೆಗೆ 'ಬೆರಕೆ ಲೋಹ' ಎಂದು ಹೆಸರಿಟ್ಟು ಹಂಗಿಸುತ್ತಿದ್ದರು. ಹರಾಜಿನಲ್ಲಿ ಆ ಮುದಿ ಆಕಳು 206 ಗಿನಿಗೆ ಹೋಯಿತು, ಅದರ ಮಗಳು ಕೌಂಟೆಸ್ 400 ಗಿನಿಗೆ. ಬೆರಕೆ ಎಂದು ಹಂಗಿಸುತ್ತಿದ್ದರೂ ದುಡ್ಡು ಕೊಡುವಾಗ ಯಾರೂ ಹಿಂಜರಿಯಲಿಲ್ಲ. ಹನ್ನೆರಡು ವರ್ಷದ ನಂತರ ಕೋಟ್ಸನ ಪುಸ್ತಕ ಬಂದಾಗ ಈ ಬೆರಕೆಯೂ ಅದರೊಳಗೆ ಕೂತಿತು. ಅಲ್ಲಿಂದ ಮುಂದೆ ಅದೂ 'ಶುದ್ಧ'ವೇ. ನಮ್ಮ ಮನೆತನಗಳ ಶಜರಾಗಳನ್ನೂ ಯಾರೋ ಒಬ್ಬರು ಒಂದು ದಿನ ಕೂತು ಬರೆದವರೇ ಅಲ್ಲವೆ?

ಈ ತಳಿಯನ್ನು ಲೋಕಕ್ಕೆ ಪರಿಚಯಿಸಿದ್ದು ಹೋರಿಯಲ್ಲ, ಬೀಜ ಒಡೆದ ಒಂದು ಎತ್ತು. 1796ರಲ್ಲಿ ಕೆಟನ್‌ನಲ್ಲಿ ಹುಟ್ಟಿದ ಇದನ್ನು ಡರ್ಹಾಮ್ ಆಕ್ಸ್ ಎನ್ನುತ್ತಿದ್ದರು. ಐದು ವರ್ಷಕ್ಕೆ ಇದರ ತೂಕ 216 ಸ್ಟೋನ್, ಎಂದರೆ ಸುಮಾರು 1370 ಕಿಲೋ. ಜಾನ್ ಡೇ ಎಂಬವನು 1801ರಲ್ಲಿ 250 ಪೌಂಡಿಗೆ ಇದನ್ನು ಕೊಂಡು, ವಿಶೇಷ ಗಾಡಿಯಲ್ಲಿ ಸುಮಾರು ಆರು ವರ್ಷ ಇಂಗ್ಲೆಂಡು, ಸ್ಕಾಟ್ಲೆಂಡುಗಳಲ್ಲಿ ಊರೂರು ತಿರುಗಿಸಿ ಟಿಕೆಟ್ಟಿಟ್ಟು ತೋರಿಸಿದ. ಅದರ ಚಿತ್ರ ಒಂದೇ ವರ್ಷದಲ್ಲಿ ಎರಡು ಸಾವಿರಕ್ಕೂ ಮೀರಿ ಮಾರಾಟವಾಯಿತು. ಪಿಂಗಾಣಿ ತಟ್ಟೆಗಳ ಮೇಲೂ ಅದರ ಚಿತ್ರ ಬಂತು. ಹೆಂಡದಂಗಡಿಗಳಿಗೆ ಇಟ್ಟ ಅದರ ಹೆಸರು ಈಗಲೂ ಕೆಲವು ಕಡೆ ಉಳಿದಿದೆ. 1807ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕಾಲು ಜಾರಿ ಸೊಂಟದ ಕೀಲು ತಪ್ಪಿತು. ಎರಡು ತಿಂಗಳು ನರಳಿದ ಮೇಲೆ ಅದನ್ನು ಕೊಯ್ದರು.

ಆ ಚಿತ್ರಗಳನ್ನು ನೋಡಿದರೆ ನಗು ಬರುತ್ತದೆ. ಕಪಾಟಿನಂಥ ಮೈ, ಕೆಳಗೆ ನಾಲ್ಕು ಕಡ್ಡಿ ಕಾಲು, ಮುಂದೆ ಅಂಗೈಯಷ್ಟು ತಲೆ. ನ್ಯೂಕಾಸಲ್ಲಿನ ಮರದಚ್ಚಿನ ಕಲಾವಿದ ಥಾಮಸ್ ಬ್ಯೂಯಿಕ್‌ನನ್ನು ಬಾರ್ಮ್‌ಟನ್ನಿಗೆ ಕರೆಸಿ ಕೊಬ್ಬಿದ ಪ್ರಾಣಿಗಳ ಚಿತ್ರ ಬರೆಯಲು ಹೇಳಿದ್ದರಂತೆ. ಬರೆದ ಮೇಲೆ ಯಜಮಾನರಿಗೆ ಒಪ್ಪಿಗೆಯಾಗಲಿಲ್ಲ; ಇಲ್ಲಿಷ್ಟು, ಅಲ್ಲಿಷ್ಟು ಕೊಬ್ಬು ಸೇರಿಸು ಎಂದರು. ತನ್ನ ಕಣ್ಣಿಗೆ ಕಾಣದ ಕೊಬ್ಬನ್ನು ತಾನು ಬರೆಯುವುದಿಲ್ಲ ಎಂದು ಅವನು ಎದ್ದು ಬಂದ. ಬೇರೆ ಕಲಾವಿದರಿಗೆ ಅಷ್ಟು ಹಟವಿರಲಿಲ್ಲ. ಕೊಬ್ಬಿನ ಹುಚ್ಚಿಗೆ ಕಾರಣವೂ ಇತ್ತು. ಕಾರ್ಖಾನೆಯ ಪಟ್ಟಣಗಳು ಬೆಳೆಯುತ್ತಿದ್ದವು, ದುಡಿಯುವ ಮೈಗೆ ಕೊಬ್ಬು ಬೇಕಿತ್ತು, ಮೇಣದ ಬತ್ತಿಗೂ ಸಾಬೂನಿಗೂ ಅದೇ ಬೇಕಿತ್ತು. ಮೊದಲೆಲ್ಲ ನಾಲ್ಕೈದು ವರ್ಷ ಉಳುಮೆಗೋ ಗಾಡಿಗೋ ದುಡಿದ ಎತ್ತು ಆಮೇಲೆ ಕಟುಕನ ಕೈ ಸೇರುತ್ತಿತ್ತು. ಅದಕ್ಕಿಂತ ಬಹಳ ಬೇಗ, ಎಳೆಯ ವಯಸ್ಸಿನಲ್ಲೇ ಮೈತುಂಬಿ ಬಲಿಯುವುದು ಶಾರ್ಟ್‌ಹಾರ್ನ್‌ನ ನಿಜವಾದ ಗುಣ. ಚಿತ್ರದಲ್ಲಿ ಅದು ಕಾಣುವುದಿಲ್ಲ.

ಕಾಲಿಂಗರ ನಂತರ ಬಂದ ಥಾಮಸ್ ಬೇಟ್ಸ್ ವಿಚಿತ್ರ ಮನುಷ್ಯ. 1804ರಲ್ಲಿ ಕಾಲಿಂಗನಿಂದ ಡಚೆಸ್ ಎಂಬ ಆಕಳನ್ನು 100 ಗಿನಿಗೆ ಕೊಂಡ. ಅದನ್ನು ಬೇರೆ ಆಕಳುಗಳ ಜೊತೆಗೇ ಗಾವಲಿಗೆ ಬಿಟ್ಟು, ಕಾಳು ಹಿಂಡಿ ಏನೂ ಹಾಕದೆ, ಬರೀ ಹುಲ್ಲಿನ ಮೇಲೆ ಅದು ಎಷ್ಟು ಹಾಲು, ಎಷ್ಟು ಬೆಣ್ಣೆ ಕೊಡುತ್ತದೆ ಎಂದು ತೂಗಿ ಬರೆದಿಟ್ಟ. ತಿಂದದ್ದಕ್ಕೆ ಪ್ರತಿಯಾಗಿ ಕೊಟ್ಟದ್ದೆಷ್ಟು ಎಂಬುದೇ ಅವನ ಲೆಕ್ಕ. ಇದಕ್ಕಿಂತ ಸರಿಯಾದ ಪರೀಕ್ಷೆ ಇಲ್ಲ. ಆದರೆ ಡಚೆಸ್ ಸಂತಾನದ ಮೇಲಿನ ಮೋಹ ಬೆಳೆದಂತೆ ಅವನು ಹೊರಗಿನ ರಕ್ತವನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಆಕಳುಗಳು ಗಬ್ಬ ನಿಲ್ಲುವುದು ಕಡಿಮೆಯಾಯಿತು. ಡಾರ್ವಿನ್ ತನ್ನ ಪುಸ್ತಕದಲ್ಲಿ ಒಳಗೊಳಗಿನ ಕೂಡುವಿಕೆಯ ಮಾತು ಬಂದಾಗ ಬೇಟ್ಸನ ಹಿಂಡನ್ನು ಉದಾಹರಿಸಿದ್ದಾನೆ. ಬೇಟ್ಸ್ ಒಮ್ಮೆ ಸೋತು ಬೇರೆ ಶಾಖೆಯಿಂದ ಬೆಲ್ವಿಡಿಯರ್ ಎಂಬ ಹೋರಿಯನ್ನು ತಂದ. ತಂದವನು ಮತ್ತೆ ಅದರ ಮಗಳನ್ನು ಅದಕ್ಕೇ ಕೂಡಿಸಿದ.

ಬೇಟ್ಸ್ 1849ರಲ್ಲಿ ತೀರಿಕೊಂಡ. ಅವನ ಲೆಕ್ಕದ ಪುಸ್ತಕವನ್ನು ಜನ ಮರೆತರು, ಡಚೆಸ್ ಎಂಬ ಹೆಸರನ್ನು ಹಿಡಿದುಕೊಂಡರು. ಈ ಆಕಳುಗಳು ಹೆರುವುದೇ ಅಪರೂಪವಾದ್ದರಿಂದ ಬೆಲೆ ಇನ್ನೂ ಏರಿತು, ಕೊರತೆಯೇ ಕಿಮ್ಮತ್ತಾಯಿತು. 1873ರ ಸೆಪ್ಟೆಂಬರ್ 10ರಂದು ಅಮೆರಿಕದ ನ್ಯೂಯಾರ್ಕ್ ಮಿಲ್ಸ್ ಎಂಬಲ್ಲಿ ಹರಾಜು ನಡೆಯಿತು. ಇಂಗ್ಲೆಂಡಿನಿಂದ ಸಮುದ್ರ ದಾಟಿ ಬಂದವರು ತಮ್ಮದೇ ದೇಶದಿಂದ ಹೋಗಿದ್ದ ರಕ್ತವನ್ನು ವಾಪಸು ಕೊಳ್ಳಲು ಕೂಗಿದರು. ಜಿನೀವಾದ ಎಂಟನೆಯ ಡಚೆಸ್ ಎಂಬ ಒಂದೇ ಆಕಳು 40,600 ಡಾಲರಿಗೆ ಹೋಯಿತು. ಸರಿಯಾಗಿ ಎಂಟು ದಿನಕ್ಕೆ ಜೇ ಕುಕ್‌ನ ಬ್ಯಾಂಕು ಮುಳುಗಿ ಅಮೆರಿಕದ ಮಾರುಕಟ್ಟೆಯೇ ಕುಸಿಯಿತು. ಆ ಆಕಳು ಎಷ್ಟು ಹುಲ್ಲು ತಿಂದು ಏನು ಕೊಡುತ್ತದೆ ಎಂದು ಆ ದಿನ ಯಾರೂ ಕೇಳಿದಂತಿಲ್ಲ.

ಆ ಪ್ರಶ್ನೆಯನ್ನು ಕೇಳುತ್ತಿದ್ದವನು ಸ್ಕಾಟ್ಲೆಂಡಿನ ಚಳಿಯಲ್ಲಿದ್ದ. ಏಮಸ್ ಕ್ರೂಕ್‌ಶ್ಯಾಂಕ್, ಕ್ವೇಕರ್ ಪಂಥದ ಮಿತಭಾಷಿ. 1837ರಲ್ಲಿ ಅಬರ್ಡೀನ್‌ಶೈರಿನ ಸಿಟಿಟನ್ ಎಂಬ ಜಮೀನನ್ನು ಗುತ್ತಿಗೆಗೆ ಹಿಡಿದ. ಸೋದರ ಆಂಥನಿ ಅಬರ್ಡೀನ್ ಪಟ್ಟಣದಲ್ಲಿ ವ್ಯಾಪಾರಿ. ಏಮಸ್‌ನ ಹತ್ತಿರ ಹೋರಿ ಕೊಳ್ಳಲು ಬರುತ್ತಿದ್ದವರು ಲಾರ್ಡುಗಳಲ್ಲ, ಸುತ್ತಲಿನ ಗೇಣಿ ರೈತರು. ಅವರ ದನಗಳಿಗೆ ಬೇಸಿಗೆಯಲ್ಲಿ ಹುಲ್ಲು, ಚಳಿಗಾಲದಲ್ಲಿ ಟರ್ನಿಪ್ ಗೆಡ್ಡೆ ಮತ್ತು ಒಣ ಸೊಪ್ಪೆ, ಅಷ್ಟೇ. ಮನೆಯ ಸಾಮಾನ್ಯ ಆಕಳುಗಳಿಗೆ ಈ ಹೋರಿ ಕೂಡಿಸಿ, ಹುಟ್ಟಿದ ಕರುಗಳನ್ನು ಬೆಳೆಸಿ ಮಾರಿ, ಬಂದ ಹಣದಲ್ಲಿ ಗೇಣಿ ಕಟ್ಟಬೇಕು. ಹೋರಿ ಕೆಟ್ಟದ್ದಾದರೆ ಗೇಣಿ ಬಾಕಿ ಬಿತ್ತು. ಇಂಥ ಗಿರಾಕಿಯ ಮುಂದೆ ಶಜರಾ ಹಿಡಿದು ಏನು ಪ್ರಯೋಜನ?

ಕ್ರೂಕ್‌ಶ್ಯಾಂಕ್ ಒಮ್ಮೆ ಲ್ಯಾಂಕಾಸ್ಟರ್ ಕಾಮೆಟ್ ಎಂಬ ಹೋರಿಯನ್ನು ತರಿಸಿದ. ಬಂದಿಳಿದಾಗ ಅದರ ದೊಡ್ಡ ಕೊಂಬುಗಳನ್ನು ನೋಡಿ ಅವನಿಗೇ ನಾಚಿಕೆಯಾಗಿ ಕಣ್ಣಿಗೆ ಬೀಳದ ದೂರದ ಗಾವಲಿಗೆ ಅಟ್ಟಿದ. ಅಲ್ಲಿ ಅದು ಹೆಚ್ಚು ಕಾಲ ಉಳಿಯಲೂ ಇಲ್ಲ. ಆದರೆ ಅದರ ಸಂತಾನದಲ್ಲಿ 1859ರಲ್ಲಿ ಹುಟ್ಟಿದ ಒಂದು ಕರುವಿಗೆ ಚಾಂಪಿಯನ್ ಆಫ್ ಇಂಗ್ಲೆಂಡ್ ಎಂದು ಹೆಸರಿಟ್ಟರು. ಹೆಸರು ದೊಡ್ಡದಾದರೂ ಇಂಗ್ಲೆಂಡಿನ ಪ್ರದರ್ಶನದಲ್ಲಿ ಅದಕ್ಕೆ ಸ್ಥಾನ ಸಿಗಲಿಲ್ಲ. ಮಾರಿಬಿಡೋಣ ಎಂದುಕೊಂಡವನು ಅದರ ಮೈ ತುಂಬುವ ರೀತಿ, ದಪ್ಪ ತುಪ್ಪಳ ನೋಡಿ ತಡೆದ. ಗಿಡ್ಡ ಕಾಲಿನ, ಅಗಲ ಬೆನ್ನಿನ, ಬೇಗ ಬಲಿಯುವ 'ಸ್ಕಾಚ್ ಶಾರ್ಟ್‌ಹಾರ್ನ್' ಎಂಬ ಹೊಸ ಮಾದರಿ ಆ ಒಂದು ಹೋರಿಯಿಂದ ನಿಂತಿತು.

1889ರಲ್ಲಿ ಮುದುಕನಾದ ಕ್ರೂಕ್‌ಶ್ಯಾಂಕ್ ಹಿಂಡನ್ನು ಅರ್ಜೆಂಟೀನಾಕ್ಕೆ ಒಯ್ಯುವ ಲಿವರ್‌ಪೂಲ್ ವ್ಯಾಪಾರಿಗಳಿಗೆ ಕೊಟ್ಟ. ಅಷ್ಟರಲ್ಲಿ ಅರ್ಜೆಂಟೀನಾದ ಹಣಕಾಸು ಮುಗ್ಗರಿಸಿತು. ಹಿಂಡಿನ ಬಹುಭಾಗ ನೆರೆಯ ವಿಲಿಯಂ ಡಥಿ ಮತ್ತು ಇಂಗ್ಲೆಂಡಿನ ಇನ್ನೊಬ್ಬ ಸಾಕಣೆದಾರನ ಪಾಲಾಗಿ ದೇಶದಲ್ಲೇ ಉಳಿಯಿತು. ಹಾಗೆಂದು ಅರ್ಜೆಂಟೀನಾಕ್ಕೆ ಈ ತಳಿ ಹೊಸದೇನಲ್ಲ. ಟಾರ್ಕ್ವಿನ್ ಎಂಬ ಮೊದಲ ಹೋರಿ 1820ರ ದಶಕದಲ್ಲೇ ಅಲ್ಲಿಗೆ ಹೋಗಿತ್ತು. ಅಲ್ಲಿಯ ಜನ ಬೆರಕೆ ದನಗಳನ್ನೆಲ್ಲ 'ಟಾರ್ಕಿನೋ' ಎಂದೇ ಕರೆದರು. ಪಾಂಪಾಸ್ ಬಯಲಿನ ಹುಲ್ಲು ತಿಂದು ಬೆಳೆದ ಅವುಗಳ ಸಂತತಿ ಮುಂದೆ ಶೀತಲ ಹಡಗುಗಳಲ್ಲಿ ಮಾಂಸವಾಗಿ ಇಂಗ್ಲೆಂಡಿಗೇ ಹಿಂತಿರುಗಿತು.

ಆಮೇಲೆ ಸ್ಕಾಚ್ ಮಾದರಿಗೂ ಡಚೆಸ್‌ನ ಗತಿಯೇ ಬಂತು. ಪರ್ತ್ ಎಂಬಲ್ಲಿ ವರ್ಷವರ್ಷವೂ ನಡೆಯುತ್ತಿದ್ದ ಹೋರಿ ಸಂತೆಗೆ ಎರಡು ಅಮೆರಿಕಗಳಿಂದಲೂ ಹಣವಂತರು ಬರುತ್ತಿದ್ದರು. ಪ್ರದರ್ಶನದ ತೀರ್ಪುಗಾರರಿಗೆ ಗಿಡ್ಡವೇ ಚೆಂದ ಎನಿಸಿತು. 1940, 50ರ ದಶಕದ ಹೊತ್ತಿಗೆ ಗೆದ್ದ ಹೋರಿಗಳ ಬೆನ್ನು ಪಕ್ಕದಲ್ಲಿ ನಿಂತವನ ಸೊಂಟದ ಮಟ್ಟಕ್ಕೆ ಬಂದಿತ್ತು. ಅಷ್ಟರಲ್ಲಿ ಅಮೆರಿಕದಲ್ಲಿ ಜೋಳ ಅಗ್ಗವಾಯಿತು. ದನಗಳನ್ನು ಸಾವಿರಗಟ್ಟಲೆ ಒಂದೆಡೆ ಕಟ್ಟಿ ಕಾಳು ತಿನ್ನಿಸುವ ಪದ್ಧತಿ ಬಂತು. ಕಾಳಿನ ಮೇಲೆ ದೊಡ್ಡ ಮೈಯ, ತಡವಾಗಿ ಬಲಿಯುವ, ಕೊಬ್ಬು ಕಡಿಮೆಯಿರುವ ದನಕ್ಕೇ ಲಾಭ. ಫ್ರಾನ್ಸಿನ ಶರೋಲೆ ತಳಿ 1961ರಲ್ಲಿ ಬ್ರಿಟನ್ನಿಗೆ ಬಂತು. ಗಿಡ್ಡ ಶಾರ್ಟ್‌ಹಾರ್ನ್ ನೋಡುವವರೇ ಇಲ್ಲವಾಯಿತು.

ತಳಿಯನ್ನು ಉಳಿಸಿಕೊಳ್ಳಲು 1970ರ ದಶಕದಲ್ಲಿ ಬ್ರಿಟನ್ನಿನ ಬೀಫ್ ಶಾರ್ಟ್‌ಹಾರ್ನ್ ಸಂಘ ತನ್ನ ಮುಚ್ಚಿದ ಪುಸ್ತಕವನ್ನು ತೆರೆದು ಫ್ರಾನ್ಸಿನ ಮೇನ್-ಆಂಜೂ ತಳಿಯ ರಕ್ತಕ್ಕೆ ಅವಕಾಶ ಕೊಟ್ಟಿತು. ಈ ಮೇನ್-ಆಂಜೂ ಯಾರು? ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚರು ತಮ್ಮ ಮಾನ್ಸೆಲ್ ಆಕಳುಗಳಿಗೆ ಡರ್ಹಾಮ್ ಹೋರಿಗಳನ್ನು ಕೂಡಿಸಿ ಮಾಡಿಕೊಂಡ ತಳಿ. ಮನೆ ಬಿಟ್ಟು ಹೋದ ಮಗಳ ಮಕ್ಕಳನ್ನು ಅಜ್ಜಿ ಮನೆಗೆ ಕರೆತಂದಂತೆ. ಆದರೂ ಎಷ್ಟೋ ಜನ ಶುದ್ಧತೆ ಹೋಯಿತೆಂದು ಗೊಣಗಿದರು. ಲೇಡಿಯ ಕತೆ ಅವರ ಪುಸ್ತಕದಲ್ಲೇ ಇತ್ತು.

ಇತ್ತ ಇಂಗ್ಲೆಂಡು ಸ್ಕಾಟ್ಲೆಂಡುಗಳ ಗಡಿಯ ಗುಡ್ಡಗಳಲ್ಲಿ ಯಾವ ಗದ್ದಲವೂ ಇಲ್ಲದೆ ರೈತರು ಬಿಳಿ ಶಾರ್ಟ್‌ಹಾರ್ನ್ ಹೋರಿಯನ್ನು ಕಪ್ಪು ಗ್ಯಾಲೊವೇ ಆಕಳಿಗೆ ಕೂಡಿಸುತ್ತಲೇ ಇದ್ದರು. ಹುಟ್ಟುವ ಬೂದು ಬಣ್ಣದ ಕಡಸಿಗೆ 'ನೀಲಿಬೂದು' ಎಂದು ಹೆಸರು. ಗಡುಸು ಹುಲ್ಲಿನ ಗುಡ್ಡದ ಮೇಲೆ ವರ್ಷಕ್ಕೊಂದು ಕರು ಹಾಕಿ ಹಾಲೂಡಿಸಿ ಬೆಳೆಸುವುದರಲ್ಲಿ ಅದನ್ನು ಮೀರಿಸುವುದು ಕಷ್ಟ ಎನ್ನುತ್ತಾರೆ ಅಲ್ಲಿಯವರು. ಬೆರಕೆ ಎಂದು ಹಂಗಿಸಿಕೊಂಡ ಗ್ಯಾಲೊವೇಯೇ ಇಲ್ಲಿ ಮನೆಯ ಒಡತಿ.

ಹುಲ್ಲಿನ ಮಾತು ಮತ್ತೆ ಮುಂದೆ ಬರಲು ಒಂದು ದುರಂತವೇ ನಡೆಯಬೇಕಾಯಿತು. ಹುಲ್ಲು ತಿನ್ನುವ ಪ್ರಾಣಿಗೆ ಸತ್ತ ಪ್ರಾಣಿಗಳ ಮಾಂಸ, ಮೂಳೆಗಳ ಪುಡಿಯನ್ನು ಹಿಂಡಿಯಲ್ಲಿ ಬೆರೆಸಿ ತಿನ್ನಿಸಿದ್ದರ ಫಲವಾಗಿ ಬ್ರಿಟನ್ನಿನಲ್ಲಿ 'ಹುಚ್ಚು ದನದ ರೋಗ' ಹಬ್ಬಿತು. 1986ರಲ್ಲಿ ಅದನ್ನು ಗುರುತಿಸಿದರು. ಅದು ಮನುಷ್ಯರಿಗೂ ತಗುಲಿರುವ ಸಾಧ್ಯತೆಯಿದೆ ಎಂದು ಸರಕಾರ 1996ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ನಲವತ್ತು ಲಕ್ಷಕ್ಕೂ ಹೆಚ್ಚು ದನಗಳನ್ನು ಕೊಂದು ನಾಶ ಮಾಡಿದರು. ಈ ದನ ಏನು ತಿಂದಿದೆ ಎಂದು ಕೊಳ್ಳುವವರು ಆಮೇಲೆ ಕೇಳತೊಡಗಿದರು. ಅಗ್ಗದ ಕಾಳಿಲ್ಲದೆ ಬರೀ ಗಾವಲಿನ ಮೇಲೆ ಬಲಿಯುವ, ಮಧ್ಯಮ ಗಾತ್ರದ, ಸುಲಭವಾಗಿ ಕರು ಹಾಕುವ, ಸಾಧು ಸ್ವಭಾವದ ಆಕಳು ಬೇಕೆಂದಾಗ ಹಳೆಯ ಶಾರ್ಟ್‌ಹಾರ್ನ್ ಜನರ ನೆನಪಿಗೆ ಬಂತು. ದೊಡ್ಡ ಆಕಳು ದೊಡ್ಡ ಕರು ಹಾಕಬಹುದು, ಆದರೆ ಚಳಿಗಾಲವಿಡೀ ಅದರ ಹೊಟ್ಟೆಗೂ ಹಾಕಬೇಕು. ಹುಲ್ಲಿನ ರೈತ ಒಂದು ಕರುವಿನ ತೂಕ ನೋಡುವುದಿಲ್ಲ. ಒಂದು ಎಕರೆ ಗಾವಲು ವರ್ಷಕ್ಕೆ ಎಷ್ಟು ಕರು ಸಾಕಿತು, ಎಷ್ಟು ಆಕಳು ಗಬ್ಬ ನಿಂತವು ಎಂದು ನೋಡುತ್ತಾನೆ. ಗಬ್ಬ ನಿಲ್ಲದ್ದನ್ನು, ಅದರ ಅಜ್ಜಿ ಯಾರೇ ಆಗಿರಲಿ, ಹಿಂಡಿನಿಂದ ತೆಗೆಯುತ್ತಾನೆ.

ಪ್ರದರ್ಶನದ ಹುಚ್ಚು ಮಾತ್ರ ಪೂರ್ತಿ ಬಿಟ್ಟಿಲ್ಲ. 1990ರ ದಶಕದ ಕೊನೆಗೆ ಉತ್ತರ ಅಮೆರಿಕದ ಶಾರ್ಟ್‌ಹಾರ್ನ್‌ಗಳಲ್ಲಿ ಹಿಂಗಾಲಿನ ಮೂಳೆಯೇ ಸರಿಯಾಗಿ ಮೂಡದ ಕರುಗಳು ಹುಟ್ಟತೊಡಗಿದವು. ದೋಷ ತಂದೆತಾಯಿ ಇಬ್ಬರಲ್ಲೂ ಇದ್ದರೆ ಮಾತ್ರ ಕರುವಿನಲ್ಲಿ ಕಾಣುತ್ತದೆ. ದೋಷವನ್ನು ಒಳಗೆ ಹೊತ್ತಿದ್ದ ಎಷ್ಟೋ ದನಗಳು ದಟ್ಟ ಕೂದಲು, ತುಂಬಿದ ಮೈಯಿಂದ ಪ್ರದರ್ಶನದಲ್ಲಿ ಮೆರೆಯುತ್ತಿದ್ದವು. ಈಗ ರಕ್ತ ಅಥವಾ ಕೂದಲಿನ ಡಿಎನ್‌ಎ ಪರೀಕ್ಷೆಯಿಂದ ಅದನ್ನು ಹಿಡಿಯಬಹುದು.

ಬಿಸಿಲಿನ ನಾಡುಗಳಲ್ಲಿ ಈ ತಳಿ ಬೇರೆಯೇ ದಾರಿ ಹಿಡಿಯಿತು. ಟೆಕ್ಸಸ್‌ನ ಕಿಂಗ್ ರಾಂಚ್ ಎಂಬ ಬೃಹತ್ ಗಾವಲಿನಲ್ಲಿ ಶಾರ್ಟ್‌ಹಾರ್ನ್ ಆಕಳುಗಳು ಸೆಕೆಗೆ, ಉಣ್ಣೆಗೆ ಸೊರಗುತ್ತಿದ್ದವು. ಅವಕ್ಕೆ ಡುಬ್ಬದ ಬ್ರಾಹ್ಮನ್ ಹೋರಿಗಳನ್ನು ಕೂಡಿಸಿದರು. 1920ರಲ್ಲಿ ಹುಟ್ಟಿದ ಮಂಕಿ ಎಂಬ ಕೆಂಪು ಹೋರಿಯಿಂದ ಸಾಂಟಾ ಗರ್ಟ್ರುಡಿಸ್ ಎಂಬ ಹೊಸ ತಳಿ ನಿಂತಿತು. 1940ರಲ್ಲಿ ಅಮೆರಿಕ ಸರಕಾರ ಅದನ್ನು ತಳಿಯೆಂದು ಒಪ್ಪಿತು, 1952ರಲ್ಲಿ ಅದು ಆಸ್ಟ್ರೇಲಿಯಾಕ್ಕೂ ಹೋಯಿತು. ಬ್ರಾಹ್ಮನ್ ಎಂಬುದು ಅಮೆರಿಕದವರು ಇಟ್ಟ ಹೆಸರು. ಅದರ ವಂಶಾವಳಿ ತೆಗೆದರೆ ಗುಜರಾತಿನ ಕಾಂಕ್ರೇಜ್, ಗೀರ್, ಆಂಧ್ರದ ಓಂಗೋಲ್ ಇವೆ. ಸಣ್ಣ ಪಾಲಿನಲ್ಲಿ ಇನ್ನೊಂದು ಹೆಸರಿದೆ: ಕೃಷ್ಣಾ ವ್ಯಾಲಿ.

ನಮ್ಮದೇ ಹೊಳೆ. ಅದರ ಕತೆಯೂ ಬೆರಕೆಯದೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಾಂಗಲಿ ಮೊದಲಾದ ದಕ್ಷಿಣ ಮರಾಠಾ ಸಂಸ್ಥಾನಗಳ ದೊರೆಗಳು ಕೃಷ್ಣಾ ತೀರದ ಎರೆಹೊಲ ಉಳಲು ಬಲವಾದ ಎತ್ತು ಬೇಕೆಂದು ಗೀರ್, ಓಂಗೋಲ್, ಕಾಂಕ್ರೇಜ್, ಮೈಸೂರು ಸೀಮೆಯ ದನಗಳನ್ನು ಕೂಡಿಸಿ ಈ ತಳಿ ಮಾಡಿಸಿದರು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಹೊಳೆಸಾಲಿನ ಹಳ್ಳಿಗಳಲ್ಲಿ ಈಗ ಅದು ಬೆರಳೆಣಿಕೆಯ ಮನೆಗಳಲ್ಲಿದೆ. ಎರೆಹೊಲಕ್ಕೆ ಟ್ರ್ಯಾಕ್ಟರು ಬಂದಿದೆ.

ಅಜ್ಜ ಆ ಇಂಗ್ಲಿಷ್ ಹೆಸರನ್ನು ಕೇಳಿರಲಿಲ್ಲ. ಅವರ ಬಾಯಲ್ಲಿ ಅದು 'ಹೊಳೆಸಾಲಿನ ಎತ್ತು'. ಮಳೆ ಬಿದ್ದ ಮರುದಿನ ಸಂತೆಗೆ ಹೋಗುವುದು ಅವರ ರೂಢಿಯಾಗಿತ್ತು. ಎತ್ತನ್ನು ಎರೆ ಕೆಸರಿನಲ್ಲಿ ನಡೆಸಿ, ಗೊರಸು ಎಷ್ಟು ಹುಗಿಯುತ್ತದೆ, ಕಿತ್ತು ಇಡುವಾಗ ತಲೆ ಹಾಕುತ್ತದೆಯೇ ಎಂದು ನೋಡಿದ ಮೇಲೆಯೇ ಟವೆಲ್ಲಿನ ಕೆಳಗೆ ಕೈ ಹಾಕುತ್ತಿದ್ದರು.